ರುದ್ರಮೂರ್ತಿಯ ಚರಂಡಿ ಸೇವೆ

ಅಜ್ಜಂಪುರ ತಾಲ್ಲೂಕು ಕೇಂದ್ರವಾಯಿತು. ಕಚೇರಿಗಳು ಬಂದವು, ಬೋರ್ಡುಗಳು ದೊಡ್ಡವಾದವು, ಮನೆಯ ಮೇಲೆ ಮನೆ ಎದ್ದಿತು. ರುದ್ರಮೂರ್ತಿಯ ಮನೆ ಮುಂದಿನ ಚರಂಡಿ ಮಾತ್ರ ಹೋಬಳಿ ಕಾಲದ್ದೇ ಉಳಿಯಿತು. ಇಡೀ ಬೀದಿಯ ಬಚ್ಚಲ ನೀರು ಅವನ ಬಾಗಿಲಲ್ಲೇ ಉಕ್ಕುತ್ತಿತ್ತು. ಹೋದ ತಿಂಗಳು ತಾಯಿ ತೀರ್ಥಮ್ಮ ಅದರಲ್ಲಿ ಜಾರಿ ಕೈ ಮುರಿದುಕೊಂಡ ಮೇಲೆ ಹೆಂಡತಿ ಸುಮನಾ ಕಡ್ಡಿ ಮುರಿದಂತೆ ಹೇಳಿದ್ದಳು:

“ಈ ಸಲ ಹೊಸ ಚರಂಡಿ ಆಗ್ಲಿಲ್ಲ ಅಂದ್ರೆ ಅತ್ತೇನೂ ಕರ್ಕಂಡು ತರೀಕೆರೆಗೆ, ನಮ್ಮ ತವರಿಗೆ ಹೋಗ್ತೀನಿ. ನೀವು ಚರಂಡಿ ಜೊತೆ ಸಂಸಾರ ಮಾಡ್ಕಂಡಿರಿ.”

ಅರ್ಜಿ ಕೊಟ್ಟು ಕೊಟ್ಟು ರುದ್ರಮೂರ್ತಿಯ ಚಪ್ಪಲಿ ಸವೆಯಿತು. ಕೊನೆಗೂ ಬೆಳೆಯುವ ಊರುಗಳಿಗೆಂದು ಸರ್ಕಾರದ ಅನುದಾನ ಬಂತು. ಬಂದದ್ದು ಒಂದು ಬೀದಿಗೆ ಸಾಲುವಷ್ಟು, ಕೈಯೊಡ್ಡಿದ್ದು ಎರಡು ಬೀದಿ, ಇವನದೂ ಪಕ್ಕದ್ದೂ. ಯಾವುದು ಹೆಚ್ಚು ಹಾಳಾಗಿದೆಯೆಂದು ಎಂಜಿನಿಯರ್ ಸ್ಪಂದನಾ ಸೋಮವಾರ ಬಂದು ಕಣ್ಣಾರೆ ನೋಡುವುದೆಂದಾಯಿತು. ಹಾಳಾಗುವುದರಲ್ಲಿ ತನ್ನ ಬೀದಿಯನ್ನು ಮೀರಿಸುವುದುಂಟೇ ಎಂದು ರುದ್ರಮೂರ್ತಿ ಎದೆಯುಬ್ಬಿಸಿ ಮನೆಮನೆಗೂ ಸುದ್ದಿ ಹೇಳಿ ಬಂದ. ಮಾಡಿದ ತಪ್ಪೇ ಅದು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದವನಿಗೆ ಇದು ತನ್ನ ಬೀದಿಯೇ ಎಂಬ ಅನುಮಾನ ಬಂತು. ಅವನು ಏಳುವ ಮೊದಲೇ ಗುಂಡಿಗಳಿಗೆ ಮಣ್ಣು ಬಿದ್ದಿತ್ತು. ಸಗಣಿ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಚರಂಡಿಯ ಹೂಳನ್ನು ಎತ್ತಿ ಪಕ್ಕಕ್ಕೆ ಗುಡ್ಡೆ ಹಾಕಿ, ಕಾಣದಂತೆ ತೆಂಗಿನ ಗರಿ ಹೊದಿಸಿದ್ದರು. ನೀರು ಹೊಸ ಸೊಸೆಯಂತೆ ಸದ್ದಿಲ್ಲದೆ ಹೋಗುತ್ತಿತ್ತು.

“ಏನ್ ದೊಡ್ಡಮ್ಮಾ ಇದು! ಹಾಳಾಗಿರೋದನ್ನ ತೋರಿಸ್ಬೇಕಿತ್ತು ಕಣಮ್ಮಾ!”

ಎದುರುಮನೆಯ ಕರಿಬಸಮ್ಮ ಸೊಂಟಕ್ಕೆ ಕೈಯಿಟ್ಟಳು. “ಹೆಣ್ಮಗಳು ಮೊದಲ್ನೇ ಸಲ ನಮ್ ಬೀದಿಗೆ ಬತ್ತಾವ್ಳೆ. ಕಸದಾಗೆ ನಿಲ್ಲಿಸ್ತೀಯೇನೋ ರುದ್ರಾ? ನಮ್ಗೂ ಮಾನ ಮರ್ಯಾದೆ ಐತೆ.”

“ಹೊದಿಸೋಕೆ ಶಾಲೂ ತಂದಿದೀನಿ ಕಣಯ್ಯಾ,” ಎಂದರು ಪಕ್ಕದ ಮನೆಯ ಗಂಗಾಧರಯ್ಯ.

ಅಷ್ಟರಲ್ಲಿ ಫೋನು. ಎಂಜಿನಿಯರ್ ಮೇಡಂ ರೈಲ್ವೆ ಸ್ಟೇಷನ್ ದಾಟಿದರಂತೆ. ರುದ್ರಮೂರ್ತಿ ಪಂಚೆ ಎತ್ತಿ ಕಟ್ಟಿ ಚರಂಡಿಗೇ ಇಳಿದ. ಗರಿ ಕಿತ್ತೆಸೆದು, ಮಟ್ಟೆ, ಚಿಂದಿ, ಕೆಸರು ಎಲ್ಲವನ್ನೂ ಬಾಚಿ ಬಾಚಿ ಮತ್ತೆ ಒಳಗೆ ತುಂಬಿದ. ನೀರು ಮೆಲ್ಲಗೆ ಏರತೊಡಗಿತು. ಅವನಿಗೆ ಜೀವ ಬಂದಂತಾಯಿತು.

“ನಮಸ್ಕಾರ!”

ತಲೆಯೆತ್ತಿದರೆ ಸ್ಪಂದನಾ. ಕೈತುಂಬ ಹೂಳು ಹಿಡಿದಿದ್ದ ರುದ್ರಮೂರ್ತಿ ಹಾಗೇ ಕಲ್ಲಾದ. ಅದು ಹಾಕುವ ಕೈಯೋ ತೆಗೆಯುವ ಕೈಯೋ, ನೋಡಿದವರು ಹೇಗೆ ಹೇಳಿಯಾರು?

“ಸರ್ಕಾರ ಮಾಡ್ಲಿ ಅಂತ ಕೂರದೆ ನೀವೇ ಇಳಿದಿದ್ದೀರಲ್ಲ ಸಾರ್!” ಸ್ಪಂದನಾಳ ಕಣ್ಣು ತುಂಬಿತು. “ದಿನಾ ಮಾಡ್ತೀರಾ?”

ನಿಜ ಹೇಳಿದರೆ ದಂಡ, ಹೇಳದಿದ್ದರೆ ಚರಂಡಿ ಹೋಯಿತು. ಅವನು ತಡವರಿಸುವಷ್ಟರಲ್ಲಿ ಬೀದಿಯ ಮಾನ ಕಾಯಲು ಕರಿಬಸಮ್ಮ ಮುಂದೆ ಬಂದಳು. “ದಿನಾ ಮಾಡ್ತಾನೆ ಕಣವ್ವಾ. ಚಿನ್ನದಂಥ ಮನುಷ್ಯ!”

ಗಂಗಾಧರಯ್ಯ ಚಾಚಿದ ಶಾಲನ್ನು ಸ್ಪಂದನಾ ಇಸಿದುಕೊಂಡು ಕೆಸರು ಮೈಯ ರುದ್ರಮೂರ್ತಿಗೇ ಹೊದಿಸಿದಳು. ಫೋಟೋ ಆಯಿತು. “ಇಂಥವರಿರೋ ಬೀದಿಗೆ ಅನುದಾನ ಯಾಕ್ರೀ? ಪಾಪ, ಪಕ್ಕದ ಬೀದಿಗೆ ಯಾರೂ ಇಲ್ಲ,” ಎಂದು ಜೀಪು ಹತ್ತಿದಳು.

ಸಂಜೆಗೆ ರುದ್ರಮೂರ್ತಿ ತುಂಬಿದ್ದ ಹೂಳು ಗಟ್ಟಿಯಾಗಿ, ನೀರು ಕರಿಬಸಮ್ಮನ ಹೊಸಿಲನ್ನೂ ಮುಟ್ಟಿತು.

“ರುದ್ರಾ, ಕಟ್ಕಂಡೈತೆ, ಬಾರಪ್ಪಾ! ಹೆಂಗೂ ದಿನಾ ಮಾಡೋನಲ್ವಾ?”

ಅವನು ಆಸೆಯಿಂದ ಮನೆಯೊಳಕ್ಕೆ ತಿರುಗಿದ. ಸುಮನಾ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಅತ್ತೆಯ ಕೈ ಹಿಡಿದು ಹೊರಬರುತ್ತಿದ್ದಳು.

“ಶಾಲು ಒಗ್ದು ಒಣಗ್ಹಾಕಿದೀನಿ. ಕರೀತಿದಾರೆ ಹೋಗ್ರಿ, ನಮಗೆ ತರೀಕೆರೆ ಬಸ್ಸಿಗೆ ಹೊತ್ತಾಯ್ತು.”

ರುದ್ರಮೂರ್ತಿ ಪಂಚೆ ಎತ್ತಿ ಕಟ್ಟಿದ.