ಸಿಪಾಯಿ ಮಾಳಿಂಗನ ರಾಜಯೋಗ

ನಿಂಬರ್ಗಾದ ಮಾಳಿಂಗ ಸತ್ತು ಸತ್ತು ಬೇಸತ್ತಿದ್ದ.

ಊರಿನ ನಾಟಕದ ಮೇಳದಲ್ಲಿ ಅವನದು ಯಾವಾಗಲೂ ಸಿಪಾಯಿಯ ಪಾತ್ರ. ಪರದೆ ಏಳುತ್ತಿದ್ದಂತೆ ಈಟಿ ಹಿಡಿದು ಬರಬೇಕು, "ಯಾರಲ್ಲಿ?" ಎನ್ನಬೇಕು, ದಂಗೆಯೆದ್ದ ಸರದಾರನ ಕತ್ತಿಗೆ ಎದೆಯೊಡ್ಡಿ ಸಾಯಬೇಕು. ಆಮೇಲೆ ರಾಜ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುವಷ್ಟು ಹೊತ್ತೂ, ಸೊಳ್ಳೆ ಕಚ್ಚಿದರೂ ಕೆರೆದುಕೊಳ್ಳದೆ ಬಿದ್ದಿರಬೇಕು. ಹಾಗೆ ಬಿದ್ದುಕೊಂಡೇ ಮಾಳಿಂಗ ರಾಜನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಎಮ್ಮೆ ಹಿಂಡುವಾಗ ಅದರ ಮುಂದೆ ಅವನ್ನೇ ಹೇಳುತ್ತಿದ್ದ. ಕೇಳಿ ಕೇಳಿ ಹೆಂಡತಿ ಸಕ್ಕುಬಾಯಿಗೂ ಎಲ್ಲ ಬಾಯಿಗೆ ಬಂದಿತ್ತು. ಎಮ್ಮೆಗೂ ಬಂದಿತ್ತೇನೋ, "ಎಲೈ ದ್ರೋಹಿ!" ಎಂದರೆ ಸಾಕು, ಹಾಲು ಇಳಿಸುತ್ತಿತ್ತು.

ರಾಜನ ಪಾತ್ರ ಮೇಳದ ಅಧ್ಯಕ್ಷ ಸಿದ್ದರಾಮೇಶನದು. ಕಬ್ಬಿನ ಟ್ರ್ಯಾಕ್ಟರಿನ ಧಣಿ; ಕಿರೀಟಕ್ಕೆ ಹೇಳಿ ಮಾಡಿಸಿದಂಥ ತಲೆ, ಸಿಂಹಾಸನ ತುಂಬಿ ಹೊರಗೂ ಚೆಲ್ಲುವ ಮೈ. ಒಮ್ಮೆ ಮಾಳಿಂಗ ಧೈರ್ಯ ಮಾಡಿ, ಒಂದೇ ಒಂದು ಸಲ ತನಗೆ ರಾಜನಾಗಲು ಬಿಡು ಎಂದು ಕೇಳಿದ್ದ. ಸಿದ್ದರಾಮೇಶ ಮೇಳದವರೆಲ್ಲರ ಎದುರು ಮೀಸೆ ತಿರುವಿದ.

"ಲೇ ಮಾಳ್ಯಾ, ನೀ ಮೇಳದ ಸೆಕ್ರೆಟರಿ ಇದ್ದಿ. ನಮ್ಮ ನಾಟಕದ ಕಟ್ಟಿಗೆ ಮ್ಯಾಲೆ ಮಾಳಿಗಿಲ್ಲ, ಸುತ್ತ ಗ್ವಾಡಿ ಇಲ್ಲ. ಮಳಿ ಬಂದ್ರ ರಾಜನ ಬಣ್ಣ ರಾಣಿ ಮ್ಯಾಲೆ ಇಳೀತದ. ಸರ್ಕಾರದಿಂದ ರಂಗಮಂದಿರದ ಅನುದಾನ ತಂದು ತೋರ್ಸು. ಆ ದಿನದಿಂದ ರಾಜ ನೀನೇ!"

ಅಂದಿನಿಂದ ಮಾಳಿಂಗನಿಗೆ ನಿದ್ದೆಯಿಲ್ಲ. ಆಳಂದಕ್ಕೆ ಹೋದ, ಕಲಬುರಗಿಗೆ ಹೋದ. ಎಷ್ಟು ಸಲ ಹೋದನೆಂದರೆ, ಕಚೇರಿಯ ಜವಾನ ಇವನ ಮುಖ ಕಂಡ ಕೂಡಲೇ ಒಂದು ಕುರ್ಚಿ ಒರೆಸಿಡುವಷ್ಟು ಬಳಕೆಯಾಯಿತು. ಕಡೆಗೊಂದು ಬೆಳಿಗ್ಗೆ ಫೋನು ಬಂತು.

"ನಾನು ಇಲಾಖೆಯಿಂದ ಪಾಂಡುರಂಗ ಮಾತಾಡಾಕತ್ತೇನಿ. ಘತ್ತರಗಿ ತಾಯಿ ದರ್ಶನ ಮುಗಿಸ್ಕೊಂಡು ಮಧ್ಯಾಹ್ನ ನಿಮ್ಮೂರಿಗೆ ಬರ್ತೇನಿ. ಅನುದಾನಕ್ಕ ಶಿಫಾರಸು ಬರಿಯಾಕ ಇವತ್ತ ಕಡೇ ದಿನ. ನಿಮ್ಮ ಮೇಳ ಒಂದು ಸೀನು ಪೂರಾ ಆಡಿ ತೋರಿಸಬೇಕು. ಕಾಗದದ ಹಾಳ್ಯಾಗ ಮೇಳ ಬಾಳ ಅವರಿ, ಹೋಗಿ ನೋಡಿದ್ರ ಕಟ್ಟಿ ಮ್ಯಾಲೆ ಕೋಳಿ ಮಲಗಿರ್ತಾವ!"

ಮಾಳಿಂಗ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಸಿದ್ದರಾಮೇಶನಿಗೆ ಫೋನು ಹಚ್ಚಿದ. ಸಿದ್ದರಾಮೇಶ ಭೂಸನೂರಿನ ಕಾರ್ಖಾನೆಯ ಮುಂದೆ ಕಬ್ಬು ಹೇರಿಕೊಂಡು ನಿಂತಿದ್ದ.

"ನನ್ನ ಮುಂದ ಟ್ರ್ಯಾಕ್ಟರಿನ ಪಾಳಿ ಇರಿವಿ ಸಾಲಿನಂಗ ಹೊಂಟದ. ಬಿಟ್ಟು ಬಂದ್ರ ಮತ್ತ ಹಿಂದಿಂದ ನಿಲ್ಲಬೇಕಾಗ್ತದಲೇ! ಇವತ್ತೊಂದಿನ ನೀನೇ ರಾಜ ಆಗು!"

ಮಾಳಿಂಗ ಅಂಗಳದಲ್ಲೇ ಒಂದು ಸುತ್ತು ಕುಣಿದ. ಸಕ್ಕುಬಾಯಿ ಕಸಬರಿಗೆ ನಿಲ್ಲಿಸಿ ಕೇಳಿದಳು: "ನೀವು ರಾಜ ಆದ್ರ ಸಾಯೋರ್ಯಾರ್ರಿ?"

ಕುಣಿತ ಅಲ್ಲೇ ನಿಂತಿತು.

ತೊಗರಿ ರಾಶಿಯ ಕಾಲ. ಊರಿನ ಗಂಡಸರೆಲ್ಲ ಹೊಲದಲ್ಲಿ. ಚಹಾದಂಗಡಿಯಲ್ಲಿ ಸಿಕ್ಕ ಇಬ್ಬರಿಗೆ ಮಾಳಿಂಗ ಕೈ ಮುಗಿದ. ಒಬ್ಬ, "ಏ, ನಾಳೆ ಹೆಣ್ಣು ನೋಡಾಕ ಹೋಗೋದದೋ. ಇವತ್ತ ಸಾಯೋದು ಬರೋಬ್ಬರಿ ಅಲ್ಲ" ಎಂದ. ಇನ್ನೊಬ್ಬ, "ಸತ್ತವಗ ಮಾತೆಷ್ಟು?" ಎಂದು ಕೇಳಿ, "ಒಂದೇ" ಎಂದಾಗ, ಅಷ್ಟಕ್ಕೆಲ್ಲ ತಾನು ಬಣ್ಣ ಹಚ್ಚುವವನಲ್ಲ ಎಂದು ಸಿಟ್ಟಾಗಿ ಎದ್ದೇ ಹೋದ.

ದಾರಿ ತೋರಿಸಿದವನು ಹಾರ್ಮೋನಿಯಂ ಪೇಟಿ ನುಡಿಸುವ ಖುರ್ಷಿದ ಮಾಸ್ತರ. ಮೇಳದವರ ಮುಖಕ್ಕೆ ಬಣ್ಣ ಹಚ್ಚುವವನೂ ಅವನೇ.

"ಫಿಕರ್ ಯಾಕೋ? ಮೊದಲ ನೀ ಸಿಪಾಯಿ ಆಗಿ ಸಾಯಿ. ನಾ ಪರದಿ ಬಿಡ್ತೇನಿ. ಜೋಳದ ಒಣ ದಂಟಿನ ಕಣಕಿ ಸಿವುಡಿಗೆ ನಿನ್ನ ಅಂಗಿ, ರುಮಾಲು ಹಾಕಿ ಮಲಗಸೂಣು. ನೀ ರಾಜ ಆಗಿ ಬಂದು ಅದರ ಮ್ಯಾಲೆ ಬಿದ್ದು ಅಳು. ಅಳೋರ ಮುಂದ ಹೆಣದ ಮುಖ ಯಾರ ನೋಡ್ತಾರ?"

ಸರದಾರನ ಪಾತ್ರದ ಅಮೋಘಸಿದ್ದ ಮಾತ್ರ ಕರೆದ ಕೂಡಲೇ ಬಂದ. ಆದರೆ ಅವನು ಆಡು ಕಾಯುವವನು. ನೋಡಿಕೊಳ್ಳಲು ಮತ್ತೊಬ್ಬರಿಲ್ಲದೆ ಆಡುಗಳನ್ನೂ ಕರೆದುಕೊಂಡೇ ಬಂದಿದ್ದ.

"ಇವು ಬಾಳ ಸಾಧು ಅವ. ಕಟ್ಟಿ ಹಿಂದ ಸುಮ್ಮ ನಿಂದರ್ತಾವ," ಎಂದ.

ಮಧ್ಯಾಹ್ನ ಪಾಂಡುರಂಗ ಸಾಹೇಬರು ಬಂದರು. ಕಡ್ಡಿಯಂಥ ಮನುಷ್ಯ, ದಪ್ಪ ಕನ್ನಡಕ, ಹಣೆಯ ತುಂಬ ಕುಂಕುಮ. ಅವರಿಗೆಂದು ತಂದಿಟ್ಟ ಚೆಂಡುಹೂವಿನ ಹಾರದಲ್ಲಿ ಅರ್ಧ ಅಷ್ಟರಲ್ಲಾಗಲೇ ಒಂದು ಸಾಧು ಆಡಿನ ಹೊಟ್ಟೆ ಸೇರಿತ್ತು. ಉಳಿದರ್ಧವನ್ನು ಮಾಳಿಂಗ ಭಕ್ತಿಯಿಂದ ಕೊರಳಿಗೆ ಹಾಕಿದ. ಸಾಹೇಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಸಕ್ಕುಬಾಯಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಮುಂದೆಯೇ ಕುಳಿತಳು.

ಪೇಟಿ ಕಿರುಚಿತು. ಮಾಳಿಂಗ ಈಟಿ ಹಿಡಿದು ಬಂದು, "ಯಾರಲ್ಲಿ?" ಎಂದ. ಅಮೋಘಸಿದ್ದ ಕತ್ತಿ ಬೀಸಿದ. ಮಾಳಿಂಗ ಅಭ್ಯಾಸದಂತೆ ಅಡ್ಡ ತಿರುಗಿ, ಮೊಣಕಾಲೂರಿ, ಒಂದು ಕೈ ಮುಗಿಲಿಗೆತ್ತಿ ಸತ್ತ.

"ವ್ಹಾ!" ಎಂದರು ಸಾಹೇಬರು.

ಪರದೆ ಬಿತ್ತು. ಹಿಂದೆ ಗಡಬಡ. ಪರದೆ ಎದ್ದಾಗ ಸಿಪಾಯಿಯ ಬಟ್ಟೆ ತೊಟ್ಟ ಕಣಕಿ ಮಲಗಿತ್ತು. ತಲೆಯ ಮೇಲೆ ಕಿರೀಟ ಹೊತ್ತು ಮಾಳಿಂಗ ನಿಂತಿದ್ದ. ಆ ಕಿರೀಟಕ್ಕಾಗಿ ಅವನು ಎಷ್ಟು ವರ್ಷ ಸತ್ತಿದ್ದ! ಎದೆ ಉಬ್ಬಿ ಬಂತು, ಕಣ್ಣು ತುಂಬಿ ಬಂತು, ಬಾಯಿಗೆ ಮಾತ್ರ ಏನೂ ಬರಲಿಲ್ಲ.

"ಅಯ್ಯೋ ನನ್ನ ನೆಚ್ಚಿನ ಬಂಟನೇ ಅನ್ರೀ!" ಎಂದು ಸಕ್ಕುಬಾಯಿ ಕೆಳಗಿನಿಂದ ಕೂಗಿದಳು.

"ಅಯ್ಯೋ ನನ್ನ ನೆಚ್ಚಿನ ಬಂಟನೇ!" ಎಂದು ಮಾಳಿಂಗ ಕಣಕಿಯ ಮೇಲೆ ಬಿದ್ದ. ಕಣಕಿ ಕಟಕಟ ಮುರಿಯಿತು. ಆ ಸದ್ದು ಯಾವ ಆಡಿಗೆ ತಾನೇ ಗೊತ್ತಿಲ್ಲ? ಕಟ್ಟೆಯ ಹಿಂದಿನ ಸಾಧು ಆಡುಗಳೆಲ್ಲ ಪರದೆ ಸೀಳಿಕೊಂಡು ರಂಗಕ್ಕೆ ಬಂದವು. ರಾಜ ತಲೆಯ ಕಡೆ ಅಳುತ್ತಿದ್ದರೆ ಅವು ಕಾಲ ಕಡೆಯಿಂದ ತಿನ್ನತೊಡಗಿದವು.

"ಏನ್ರಿ, ನಿಮ್ಮ ಕಾಲು ತಿಂದ್ವು! ಅಯ್ಯ, ತೊಡೀಗೆ ಬಂದ್ವು!" ಸಕ್ಕುಬಾಯಿ ನಗು ತಡೆಯಲಾರದೆ ಪಕ್ಕದವಳ ಮೇಲೆ ಉರುಳಿದಳು.

ಸರದಾರ ಕತ್ತಿ ಬಿಸಾಡಿ, "ಹುರ್ರ್, ಹುರ್ರ್!" ಎಂದು ಆಡು ಅಟ್ಟಿದ. ಒಂದು ಆಡು ಸಿಪಾಯಿಯ ರುಮಾಲು ಕಚ್ಚಿಕೊಂಡು ಇಳಿದು ಓಡಿತು. ಕಟ್ಟೆಯ ಮೇಲೆ ಉಳಿದದ್ದು ರಾಜ ಮತ್ತು ಒಂದು ಹರಕು ಅಂಗಿ. ಹೆಣ ಇಲ್ಲದ ಮೇಲೆ ಸೀನು ಎಲ್ಲಿಯದು? ಮಾಳಿಂಗನ ಕಣ್ಣ ಮುಂದೆ ರಂಗಮಂದಿರವೂ ರಾಜ್ಯವೂ ಕೂಡಿಯೇ ಕುಸಿದವು.

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡು ಎದ್ದರು.

"ಸೀನು ಪೂರಾ ಆಗದ ನಾನು ಬರಿಯಾಕ ಬರಂಗಿಲ್ರಿ. ಒಂದು ಕೆಲಸ ಮಾಡೂಣು. ನೀವು ಮೊದಲಿನಂಗ ಸಾಯ್ರಿ. ಜರಾ ಹೊತ್ತು ನಾನು ರಾಜ ಆಗಿ ನಿಲ್ತೇನಿ."

"ನಿಮಗ್ಯಾಕ ತಕ್ಲೀಫ್ರಿ ಸಾಹೇಬ್ರ?"

"ತಕ್ಲೀಫ್ ಏನದರಿ? ಸಾಲ್ಯಾಗಿದ್ದಾಗ ನಾನೂ ನಾಟಕ ಮಾಡೇನಿ. ಗಿಡದ ಪಾತ್ರ."

ಖುರ್ಷಿದ ಮಾಸ್ತರ ಡಬ್ಬಿ ಹಿಡಿದು ಬಂದ. "ಬಣ್ಣ ಇಲ್ಲದ ರಾಜಗ ನನ್ನ ಪೇಟಿ ಸುರ ಕೊಡಂಗಿಲ್ರಿ," ಎಂದು ಕನ್ನಡಕ ತೆಗೆಸಿ, ಕೆನ್ನೆಗೆ ಕೆಂಪು ಬಳಿದು, ಮೀಸೆ ತೀಡಿಯೇಬಿಟ್ಟ. ಮಾಳಿಂಗ ಕಿರೀಟ ತೆಗೆದು ಕೊಟ್ಟ. ಇರಲಿ, ಇವತ್ತೊಂದು ಗಳಿಗೆ ಕೊಟ್ಟರೆ ನಾಳೆಯಿಂದ ಕಾಯಂ ತನ್ನದೇ, ಎಂದು ಸಮಾಧಾನ ಮಾಡಿಕೊಂಡು ಮಲಗಿ ಸತ್ತ.

ಸಕ್ಕುಬಾಯಿ ಮಾತು ಎತ್ತಿಕೊಟ್ಟಳು. ಮೊದಲನೆಯದನ್ನು ಸಾಹೇಬರು ಕಡತ ಓದಿದಂತೆ ಹೇಳಿದರು. ಎರಡನೆಯದಕ್ಕೆ ದನಿ ಏರಿತು. ಮೂರನೆಯದಕ್ಕೆ ಸತ್ತ ಮಾಳಿಂಗನ ಮೂಗಿನ ಮೇಲೆ ಬಿಸಿ ಕಣ್ಣೀರು ಬಿತ್ತು. ಆಮೇಲೆ ಸಕ್ಕುಬಾಯಿ ಹೇಳಿಕೊಡುವುದು ಬೇಕಾಗಲೇ ಇಲ್ಲ. "ಎಲೈ ದ್ರೋಹಿ!" ಎಂದು ಸಾಹೇಬರು ಕತ್ತಿ ಸೆಳೆದ ರಭಸಕ್ಕೆ ಅಮೋಘಸಿದ್ದ ಖರೇನೇ ಹೆದರಿ ಕಟ್ಟೆ ಜಿಗಿದು ಓಡಿದ. ಸಾಹೇಬರು ಬಿಡಲಿಲ್ಲ. ಗುಡಿ ಸುತ್ತಿಸಿ, ಚಹಾದಂಗಡಿ ದಾಟಿಸಿ, ಮತ್ತೆ ಕಟ್ಟೆಗೆ ತಂದೇ ಕೊಂದರು. ಹೊಲದಿಂದ ಬರುತ್ತಿದ್ದವರೆಲ್ಲ ನಿಂತು ಸಿಳ್ಳೆ ಹೊಡೆದರು. ಅಷ್ಟರಲ್ಲಿ ಖಾಲಿ ಟ್ರ್ಯಾಕ್ಟರಿನಲ್ಲಿ ಸಿದ್ದರಾಮೇಶನೂ ಬಂದಿಳಿದ.

ಸಾಹೇಬರು ಏದುಸಿರು ಬಿಡುತ್ತಲೇ ಸಾರಿದರು: "ಇಂಥಾ ಮೇಳಕ್ಕ ರಂಗಮಂದಿರ ಆಗಲೇಬೇಕು! ಈಗಿಂದೀಗ ಬರೀತೇನಿ!"

ಹೆಣವಾಗಿ ಮಲಗಿದ್ದ ಮಾಳಿಂಗ ಚಂಗನೆ ಎದ್ದ. ಸಿದ್ದರಾಮೇಶ ಅವನ ಬೆನ್ನು ತಟ್ಟಿ, "ಮಾತಂದ್ರ ಮಾತು. ಇನ್ನ ರಾಜ ನೀನೇಲೇ!" ಎಂದ. ಆ ಸಂತೋಷದಲ್ಲಿ ಮಾಳಿಂಗ ಸುಮ್ಮನಿದ್ದಿದ್ದರೆ ಸಾಕಿತ್ತು. ಸಾಹೇಬರನ್ನು ಇನ್ನೊಂದಿಷ್ಟು ಖುಷಿಪಡಿಸಬೇಕು ಎನಿಸಿತು.

"ಸಾಹೇಬ್ರ, ನಮ್ಮ ಹಿರಿಯರ ಕಾಲದಿಂದ ಒಂದು ನೇಮ ಅದರಿ. ಈ ಕಟ್ಟಿ ಮ್ಯಾಲೆ ಯಾರು ಬಣ್ಣ ಹಚ್ತಾರ, ಅವರು ನಮ್ಮ ಮೇಳದವರೇ! ಇವತ್ತಿಂದ ನೀವೂ ನಮ್ಮವರಾದ್ರಿ!"

ಪೆನ್ನು ತೆಗೆಯುತ್ತಿದ್ದ ಸಾಹೇಬರ ಕೈ ನಿಂತಿತು.

"ಮೇಳದವನಾ? ಹಂಗಾರ ನಾನು ಬರಿಯಾಕ ಬರಂಗಿಲ್ಲಲ್ರಿ. ತನ್ನ ಮೇಳಕ್ಕ ತಾನೇ ಅನುದಾನ ಬರಕೊಟ್ರ ನೌಕರಿ ಹೋಗ್ತದ."

ಸಕ್ಕುಬಾಯಿಯೇ ತಂಬಿಗೆ, ಬಕೆಟ್ಟು ತಂದಿಟ್ಟಳು. "ಅದಕ್ಕೇನದರಿ? ಬಣ್ಣ ತೊಳಕೋರಿ, ಮೇಳ ಬಿಟ್ಟಂಗ ಆತು. ಆಮ್ಯಾಲೆ ಬರೀರಿ."

ಸಾಹೇಬರು ಬಕೆಟ್ಟಿನ ಮೇಲೆ ಬಾಗಿದರು. ನೀರಿನಲ್ಲಿ ಕಿರೀಟ ಕಂಡಿತು, ಮೀಸೆ ಕಂಡಿತು, ಕೆಂಪು ಕೆನ್ನೆಯ ರಾಜನೊಬ್ಬ ಕಂಡ. ಸಾಹೇಬರ ಕೈ ನೀರಿನವರೆಗೆ ಹೋಯಿತು. ಹೋಗಿ ಹಿಂದಕ್ಕೆ ಬಂತು.

"ಇಲ್ರಿ," ಎಂದರು. "ಅನುದಾನ ಮುಂದಿನ ವರ್ಷ ಮತ್ತೊಬ್ಬರು ಬಂದು ಬರೀತಾರ. ಗಿಡ ಆಗಿದ್ದವನು ಇವತ್ತ ರಾಜ ಆಗೇನಿ. ನನ್ನ ಕೈಲೆ ನಾ ತೊಳಕೊಳ್ಳಂಗಿಲ್ಲ."

ಸಿದ್ದರಾಮೇಶನ ತಲೆ ಟ್ರ್ಯಾಕ್ಟರಿಗಿಂತ ಜೋರಾಗಿ ಓಡಿತು. "ಇಲಾಖೆಯವರೇ ನಮ್ಮ ರಾಜ ಆದ್ರ ಮುಂದಿನ ವರ್ಷ ಕೆಲಸ ಹಗೂರ. ಸಾಹೇಬ್ರು ರಾಜ, ನಾ ಸರದಾರ. ಅಮೋಘಸಿದ್ದ ಆಡು ಕಾಯ್ಲಿ."

"ಮತ್ತ ನಾನು?" ಎಂದ ಮಾಳಿಂಗ.

"ಸಿಪಾಯಿ ಬಿಲ್ಕುಲ್ ಇವರೇ ಇರ್ಬೇಕು!" ಎಂದರು ಸಾಹೇಬರು. "ಇಷ್ಟು ಚಂದ ಸಾಯೋರನ್ನ ನಾನು ಎಲ್ಲೂ ನೋಡಿಲ್ಲ. ಒಂದೇ ಸಲ ಸತ್ರ ಅನ್ಯಾಯ ಆಗ್ತದ. ಮೊದಲ ಒಂದ್ಸಲ, ಕಡೀಕ ಒಂದ್ಸಲ ಸಾಯ್ಲಿ."

"ನೋಡ್ರಿ, ಬಡ್ತಿ ಸಿಕ್ತು!" ಎಂದಳು ಸಕ್ಕುಬಾಯಿ.

ಮಾಳಿಂಗ ಮನೆಗೆ ಬಂದು ಎಮ್ಮೆ ಹಿಂಡಲು ಕುಳಿತ. ರಾಜನ ಮಾತು ಹೇಳಲು ಮನಸ್ಸಾಗಲಿಲ್ಲ. ಎಮ್ಮೆ ಕಾದು ಕಾದು, ಹೊರಳಿ ಅವನ ಮುಖ ನೋಡಿತು. ಒಂದು ಹನಿ ಹಾಲಿಲ್ಲ.

ಆಗ ಕಟ್ಟೆಯ ಕಡೆಯಿಂದ, ಓಣಿಯೆಲ್ಲ ನಡುಗುವಂತೆ, ಸಾಹೇಬರ ದನಿ ಕೇಳಿಸಿತು.

"ಎಲೈ ದ್ರೋಹಿ!"

ಎಮ್ಮೆ ಸರಾಗವಾಗಿ ಹಾಲು ಇಳಿಸಿತು.