ಆರು ತಿಂಗಳ ಅಕ್ಕಿ, ಒಂದು ಶನಿವಾರ

ಲೋಕಕ್ಕೆ ಕೇಡುಗಾಲ ಬರುತ್ತಿದೆ ಎಂಬ ಸುದ್ದಿ ನರಸಿಂಹರಾಜುವಿಗೆ ಮುಟ್ಟಿದ್ದು ಮೊಬೈಲಿನಲ್ಲಿ, ಅದೂ ಹಲ್ಲುಜ್ಜುವ ಮೊದಲು. ಬಂದ ವಿಡಿಯೋಗಳನ್ನೆಲ್ಲ ಮೊದಲು ಕಳಿಸುವ ಕಡೆಗೆಲ್ಲ ಕಳಿಸಿ, ಆಮೇಲೆ ಕಾಫಿ ಕುಡಿಯುತ್ತಾ ತಾನು ನೋಡುವುದು ಅವನ ಪದ್ಧತಿ. ಆ ದಿನವೂ ಹಾಗೇ ಮಾಡಿ ನೋಡಲು ಕೂತ. ನೋಡಿ ಮುಗಿಯುವಷ್ಟರಲ್ಲಿ ಕಾಫಿ ಆರಿತ್ತು, ಅವನ ಕೈಕಾಲೂ ತಣ್ಣಗಾಗಿದ್ದವು.

ವಿಡಿಯೋದಲ್ಲಿ ಗಡ್ಡದವನೊಬ್ಬ ಹೇಳುತ್ತಿದ್ದ. ಯುದ್ಧವೋ ರೋಗವೋ, ಯಾವುದೋ ಒಂದು ಬಂದೇ ಬರುತ್ತದೆ. ಆರು ತಿಂಗಳಿಗಾಗುವಷ್ಟು ಸಾಮಾನು ಮನೆಯಲ್ಲಿರಲಿ. ಆದರೆ ಈಗಲೇ ಮೂಟೆಯ ಬಾಯಿ ಬಿಚ್ಚಬೇಡಿ, ಯಾರಿಗೂ ಬಾಯಿ ಬಿಡಬೇಡಿ. ಅಭಾವ ಬಂದ ದಿನ ನಿಮ್ಮ ಬಾಗಿಲು ತಟ್ಟುವವರು ಕಳ್ಳರಲ್ಲ, ಅಕ್ಕಪಕ್ಕದವರು.

ಐ.ಡಿ.ಹಳ್ಳಿಯ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ನರಸಿಂಹರಾಜುವಿಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ಮಧುಗಿರಿಯಲ್ಲಿ ಬೆಟ್ಟದ ಬುಡದ ಆ ಸಣ್ಣ ಬೀದಿಯಲ್ಲಿ ಅವನ ಮನೆಯ ಒಗ್ಗರಣೆ ವಾಸನೆ ಅವನ ಮೂಗಿಗಿಂತ ಮೊದಲು ಪಕ್ಕದ ಮನೆಯ ಶಿವರುದ್ರಮ್ಮನ ಮೂಗಿಗೆ ಬಡಿಯುತ್ತಿತ್ತು. ಅವರು ಅಂಗನವಾಡಿಯಿಂದ ನಿವೃತ್ತರಾದವರು. ಮಕ್ಕಳನ್ನು ವಿಚಾರಿಸಿಕೊಳ್ಳುತ್ತಿದ್ದ ಅಭ್ಯಾಸದಲ್ಲಿ ಈಗ ಇಡೀ ಬೀದಿಯನ್ನು ವಿಚಾರಿಸಿಕೊಳ್ಳುತ್ತಿದ್ದರು.

ಆದ್ದರಿಂದ ಅವನು ಹೆಂಡತಿ ವರಲಕ್ಷ್ಮಿಗೂ ಹೇಳದೆ ಶನಿವಾರ ರಜೆ ಹಾಕಿದ. ಮಧುಗಿರಿಯ ಅಂಗಡಿಯವರು ಬಾಯಿ ಬಿಡುತ್ತಾರೆಂದು ಶಿರಾದ ಅಂಗಡಿಯೊಂದಕ್ಕೆ ಮೊದಲೇ ಹೇಳಿಟ್ಟು, ತಿಪ್ಪೇಶನ ಲಗೇಜ್ ಆಟೋದಲ್ಲಿ ನಸುಕಿಗೇ ಹೊರಟ. ಅಕ್ಕಿ, ರಾಗಿ, ಬೇಳೆ, ಬೆಲ್ಲ, ಎಣ್ಣೆ ಡಬ್ಬಗಳು, ಒಂದು ಮೂಟೆ ಉಪ್ಪು, ಮೇಲೊಂದು ರಟ್ಟಿನ ಪೆಟ್ಟಿಗೆ ತುಂಬ ಮೇಣದಬತ್ತಿ. ಬೀದಿ ಏಳುವ ಮೊದಲೇ ಎಲ್ಲವನ್ನೂ ಒಳಗೆ ಸಾಗಿಸಿಬಿಡುವುದು ಅವನ ಲೆಕ್ಕಾಚಾರ.

"ಯೋಚ್ನೆ ಮಾಡ್ಬೇಡಿ ಸಾರ್," ಎಂದ ತಿಪ್ಪೇಶ್. "ಈ ವಾರವೆಲ್ಲ ನಿಮ್ ಬೀದಿಗೇ ಹೊಡೀತಾ ಇದೀನಿ. ಗಾಡಿ ಕಣ್ಮುಚ್ಕೊಂಡು ಹೋಯ್ತದೆ."

ಆಟೋದವರು ಹೀಗೇ ಏನಾದರೂ ಹೇಳುತ್ತಿರುತ್ತಾರೆಂದು ನರಸಿಂಹರಾಜು ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣು ಮುಚ್ಚಿಕೊಂಡು ಹೋಗುವ ಗಾಡಿ ದಾರಿಯಲ್ಲಿ ಪಂಕ್ಚರ್ ಆಯಿತು. ಮನೆ ಮುಟ್ಟುವಾಗ ಬಿಸಿಲು ಏರಿ, ಬೀದಿಯ ಹೆಂಗಸರೆಲ್ಲ ಬಾಗಿಲಲ್ಲೇ ಇದ್ದರು. ಮೊದಲ ಮೂಟೆ ಇಳಿಯುತ್ತಲೇ ಶಿವರುದ್ರಮ್ಮ ಕಾಂಪೌಂಡಿಗೆ ಗಲ್ಲ ಊರಿ ನಿಂತರು.

"ಏನಪ್ಪಾ ರಾಜು, ಆರು ತಿಂಗ್ಳಿಗೆ ಆಗೋಷ್ಟು ಐತಲ್ಲ?"

ಆರು ತಿಂಗಳು ಎಂಬ ಮಾತು ಕೇಳಿ ನರಸಿಂಹರಾಜು ಅತ್ತಿತ್ತ ನೋಡಿದ. ಏನಾದರೊಂದು ಹೇಳಲೇಬೇಕಿತ್ತು. ಎದುರು ಮನೆಯ ಬಾಗಿಲಿಗೆ ಕಟ್ಟಿದ್ದ ತುಳಸಿ ಮಾಲೆ ಕಣ್ಣಿಗೆ ಬಿತ್ತು.

"ಹರಿಸೇವೆಗೆ ಕಣಮ್ಮ," ಎಂದುಬಿಟ್ಟ. "ಮುಂದೆ ಯಾವತ್ತಾದ್ರೂ ಮಾಡಾನ ಅಂತ."

"ಯಾವತ್ತಾದ್ರೂ ಅಂದ್ರೆ? ಇವತ್ತು ಶ್ರಾವಣದ ಕಡೇ ಶನಿವಾರ ಕಣಪ್ಪ. ಇವತ್ತು ಬುಟ್ರೆ ಇನ್ನು ಬರೋ ವರ್ಷವೇ."

ಅವನು ಬರೋ ವರ್ಷವೇ ಆಗಲಿ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯ ತುದಿಯಿಂದ ಜಾಗಟೆ ಸದ್ದು ಬಂತು. ಶ್ರಾವಣದ ಶನಿವಾರಗಳಲ್ಲಿ ಮನೆಮನೆಗೆ ಬಂದು ಅಕ್ಕಿ ಪಡಿ ಪಡೆಯುವ ಪೆದ್ದಣ್ಣ ದಾಸಯ್ಯ, ಹಣೆಗೆ ನಾಮ ಇಟ್ಟು, ಕೈಯಲ್ಲಿ ಶಂಖ ಹಿಡಿದು ಬರುತ್ತಿದ್ದ. ಶಿವರುದ್ರಮ್ಮ ಅವನಿಗೆ ಒಂದೇ ಮಾತು ಹೇಳಿದರು. ದಾಸಯ್ಯ ಮೂಟೆಗಳನ್ನು ನೋಡಿದ, ನರಸಿಂಹರಾಜುವನ್ನು ನೋಡಿದ, ಅಂಗಳದಲ್ಲಿ ನಿಂತು ಮೂರು ಸಲ ಶಂಖ ಊದಿದ.

ದಾಸಯ್ಯಂದಿರನ್ನು ಕರೆದು ಊರಿಗೆಲ್ಲ ಊಟ ಹಾಕುವ ಹರಿಸೇವೆಯ ಶಂಖ ಊದಿದ ಮೇಲೆ ಇಲ್ಲ ಎನ್ನಲು ಆ ಸೀಮೆಯಲ್ಲಿ ಇನ್ನೂ ಯಾರೂ ಹುಟ್ಟಿಲ್ಲ. ಅದಕ್ಕೆ ಸರಿಯಾಗಿ ವರಲಕ್ಷ್ಮಿ ಬಾಗಿಲಿಗೆ ಬಂದಳು, ವಿಷಯ ಕೇಳಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ ಕೆಲ್ಸ ಪರ್ಮನೆಂಟ್ ಆಗ್ಲಿ ಅಂತ ಹೊತ್ಕೊಂಡಿದ್ ಹರಕೆ. ಇಷ್ಟು ವರ್ಷ ಆದ್ರೂ ಮರೀದೆ ಮಡೀಕೊಂಡಿದ್ರಲ್ಲ ಮನ್ಸಲ್ಲಿ," ಎಂದಳು. ಮದುವೆಯಾದಾಗಿನಿಂದ ಅವಳು ಗಂಡನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಮುಂದಿನದಕ್ಕೆಲ್ಲ ಅವನ ಅಪ್ಪಣೆ ಯಾರಿಗೂ ಬೇಕಾಗಲಿಲ್ಲ. ಮೂಲೆಮನೆಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಓಬಳರಾಜು ಕೊಳಗ, ಸೌಟು, ಒಲೆ ಎಲ್ಲವನ್ನೂ ತಂದಿಳಿಸಿದ. ಹೆಂಗಸರು ಮೊರ ಹಿಡಿದು ಅಕ್ಕಿ ಹಸನು ಮಾಡಲು ಕೂತರು. ದಾಸಯ್ಯ ಮೊಬೈಲಿನಲ್ಲಿ ಇನ್ನಷ್ಟು ದಾಸಯ್ಯಂದಿರನ್ನು ಕರೆಸಿದ.

"ಒಂದು ಮೂಟೆ ಅಕ್ಕಿ ಸಾಕಲ್ವೇನೋ ಓಬಳ?" ಎಂದ ನರಸಿಂಹರಾಜು, ಮೆಲ್ಲಗೆ.

"ಸುಮ್ಕಿರಣ್ಣ. ಊರಿಗೆಲ್ಲ ಫೋನ್ ಮಾಡ್ಬುಟ್ಟಿದೀನಿ. ನಿನ್ ಮರ್ಯಾದೆ ನಂದಲ್ವಾ?"

ನರಸಿಂಹರಾಜು ಸುಮ್ಮನಿರಲಿಲ್ಲ. ಎಲ್ಲರೂ ಒಲೆ ಹೂಡುವ ಗಡಿಬಿಡಿಯಲ್ಲಿದ್ದಾಗ ಒಂದು ಅಕ್ಕಿ ಮೂಟೆಯನ್ನು ಎಳೆದೊಯ್ದು ಬಚ್ಚಲುಮನೆಯಲ್ಲಿಟ್ಟು ಮೇಲೆ ಒದ್ದೆ ಟವೆಲ್ ಹರವಿದ. ಎಣ್ಣೆ ಡಬ್ಬವೊಂದನ್ನು ಮಂಚದ ಕೆಳಗೆ ತಳ್ಳಿದ. ಕಾಲು ತೊಳೆಯಲು ಬಚ್ಚಲಿಗೆ ಹೋದ ದಾಸಯ್ಯ ಮೂಟೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೊರಗೆ ಬಂದ.

"ದೇವ್ರ ಹೆಸ್ರಲ್ಲಿ ತಂದಿದ್ದು ಒಂದ್ ಕಾಳೂ ಮನೇಲಿ ಉಳೀಬಾರ್ದು ಸ್ವಾಮಿ. ಉಳುದ್ರೆ ಮನೆಗೆ ಕೇಡು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅದನ್ನು ಕೇಳಿದ ವರಲಕ್ಷ್ಮಿ ನೇರ ಕೋಣೆಗೆ ಹೋಗಿ, ಮಂಚದ ಕೆಳಗಿನ ಡಬ್ಬವನ್ನೂ, ಅದರ ಜೊತೆಗೆ ಮನೆಯ ಹಳೆಯ ಅಕ್ಕಿ ಡಬ್ಬವನ್ನೂ ತಂದು ಒಲೆಯ ಮುಂದಿಟ್ಟಳು.

ಮಧ್ಯಾಹ್ನ ಜನ ಬಂದರು. ಬೀದಿಯವರು, ಬೀದಿಯವರ ನೆಂಟರು, ಬಸ್ಸಿಗೆ ಕಾಯುತ್ತಿದ್ದವರು, ಬೆಟ್ಟ ನೋಡಲು ಬಂದಿದ್ದವರು ಕೂಡ. ಶಿವರುದ್ರಮ್ಮ ಪಾಯಸ ಎರಡು ಸಲ ಬಡಿಸಿಕೊಂಡರು. ಓಬಳರಾಜು ಮನೆಮಂದಿಯ ಸಮೇತ ಕೂತು ಉಂಡು, ಸಂಜೆಗಿರಲಿ ಎಂದು ಒಂದು ಬಕೆಟ್ ಸಾರೂ ತುಂಬಿಸಿಕೊಂಡ. ಎಲೆಯಿಂದ ಎಲೆಗೆ ತನ್ನ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಬಡಿಸಿಹೋಗುತ್ತಿರುವುದನ್ನು ನೋಡುತ್ತಾ ನರಸಿಂಹರಾಜುವಿಗೆ ಅಳುವೇ ಬಂತು. ಭಕ್ತಿಯಿಂದ ಅಳುತ್ತಿದ್ದಾನೆ ಎಂದುಕೊಂಡು ಜನ ಅವನಿಗೂ ಒಂದು ನಮಸ್ಕಾರ ಹಾಕಿದರು. ಉಳಿದ ಬೇಳೆ, ರಾಗಿ, ಬೆಲ್ಲವನ್ನೆಲ್ಲ ದಾಸಯ್ಯಂದಿರು ಜೋಳಿಗೆಗೆ ತುಂಬಿಕೊಂಡರು.

ಸಂಜೆ ಶಾಮಿಯಾನ ಬಿಚ್ಚಿದಾಗ ಉಳಿದಿದ್ದು ಹರಿಸೇವೆಗೆ ಬಾರದ ಮೇಣದಬತ್ತಿ ಪೆಟ್ಟಿಗೆ ಮತ್ತು ಮುಕ್ಕಾಲು ಮೂಟೆ ಉಪ್ಪು.

"ರಾತ್ರಿಗೆ ಒಂದ್ ಹಿಡಿ ಅಕ್ಕಿ ಇಲ್ಲ ಕಣ್ರೀ," ಎಂದಳು ವರಲಕ್ಷ್ಮಿ. ಜನಕ್ಕೆ ಬಡಿಸುವ ಸಡಗರದಲ್ಲಿ ಗಂಡ ಹೆಂಡತಿ ಇಬ್ಬರೂ ಉಂಡೇ ಇರಲಿಲ್ಲ. "ಶಿವರುದ್ರಮ್ಮನೋರ್ ಮನೇಲಿ ಒಂದ್ ಬಟ್ಲು ಇಸ್ಕೊಂಡು ಬನ್ನಿ."

ಅಭಾವದ ದಿನ ಅಕ್ಕಪಕ್ಕದವರ ಬಾಗಿಲು ತಟ್ಟುವವನು ತಾನೇ ಆದೆನಲ್ಲ ಎಂದುಕೊಳ್ಳುತ್ತಾ ನರಸಿಂಹರಾಜು ಬಟ್ಟಲು ಹಿಡಿದು ಹೋದ. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಸೂರಿನ ತನಕ ಏನನ್ನೋ ಪೇರಿಸಿ ಹಳೇ ಸೀರೆ ಹೊದಿಸಿದ್ದರು. ಸೀರೆ ಒಂದು ಕಡೆ ಜಾರಿ ಅಕ್ಕಿ ಮೂಟೆಗಳು ಕಾಣುತ್ತಿದ್ದವು. ಶಿರಾದ ಅದೇ ಅಂಗಡಿಯ ಮೂಟೆಗಳು.

"ಇದೇನಮ್ಮ ಇದು?" ಎಂದ.

"ಆರು ತಿಂಗ್ಳಿಂದು," ಎಂದರು ಶಿವರುದ್ರಮ್ಮ, ಸೀರೆ ಸರಿಮಾಡುತ್ತಾ. "ನೀನೇ ಬೀದಿ ಗ್ರೂಪಿಗೆ ಹಾಕಿದ್ಯಲ್ಲಪ್ಪ ವಿಡಿಯೋನ? ಓಬಳ ತಂದಾಯ್ತು, ಎದುರು ಮನೇರೂ ತಂದಾಯ್ತು. ಎಲ್ಲಾ ಆ ತಿಪ್ಪೇಶನ ಗಾಡೀಲೇ. ಬೆಳಗ್ಗೆ ನೀನೂ ಅದಕ್ಕೇ ತಂದೆ ಅನ್ಕೊಂಡು ಕೇಳಿದೆ. ಹರಿಸೇವೆಗೆ ಅಂದ್ಬುಟ್ಟೆ. ನಮಗೆ ಭಯ ಹುಟ್ಸಿ ನೀನು ದಾನ ಮಾಡ್ಬುಟ್ಯಲ್ಲಪ್ಪ, ನೀನು ದೊಡ್ಡೋನು."

ನರಸಿಂಹರಾಜು ಬಟ್ಟಲು ಮುಂದೆ ಹಿಡಿದ. "ಒಂದ್ ಬಟ್ಲು ಅಕ್ಕಿ ಇದ್ರೆ..."

"ಅದೊಂದ್ ಕೇಳ್ಬೇಡ ಕಣಪ್ಪ. ಆರು ತಿಂಗ್ಳು ಮೂಟೆ ಬಾಯಿ ಬಿಚ್ಚಂಗಿಲ್ಲ ಅಂತ ನಿನ್ ವಿಡಿಯೋದಲ್ಲೇ ಹೇಳವ್ರೆ." ಅವರು ಅವನ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು, ಏನೋ ನೆನಪಾಯಿತು. "ಅಂದಂಗೆ, ಎಲ್ಲಾ ತಂದು ಉಪ್ಪು ತರಾದೇ ಮರ್ತೆ. ನಿಮ್ಮನೇಲಿ ಮೂಟೆ ಉಳಿದೈತಂತಲ್ಲ. ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರ್ದು, ಬೇಗ ಆ ಬಟ್ಲು ತುಂಬ ತಂದ್ಕೊಟ್ಬುಡು."

ಹೊರಗೆ ಕತ್ತಲಾಗುತ್ತಿತ್ತು. ನರಸಿಂಹರಾಜು ದೀಪ ಹಚ್ಚುವುದರೊಳಗೆ ಉಪ್ಪು ತಂದುಕೊಡಬೇಕೆಂದು ಖಾಲಿ ಬಟ್ಟಲು ಹಿಡಿದು ಬೇಗ ಬೇಗ ನಡೆದ.