ಕಲ್ಯಾಣ ಮಂಟಪದಾಗಿನ ನೀಟ್ ಕ್ಲಾಸು

ಬಡವರ ಮಕ್ಕಳನ್ನು ಡಾಕ್ಟರ್ ಮಾಡುತ್ತೇನೆಂದು ಹೊರಟವನು ನಗಲಿಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವಾರಕ್ಕೊಂದಾದರೂ ಪ್ರಸಂಗ ತಾನಾಗಿಯೇ ಬಂದು ಎದುರಿಗೆ ಕುಂದರುತ್ತದೆ. ನಾನು ಘಟಪ್ರಭಾದವನು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನಾವು ಮೂರ್ನಾಲ್ಕು ಮಾಸ್ತರರು ಸೇರಿ ಗೋಕಾಕದಲ್ಲಿ ನೀಟ್ ಪರೀಕ್ಷೆಗೆ ಪುಕ್ಕಟೆ ಕ್ಲಾಸು ಸುರು ಮಾಡಿದೆವು. ದೊಡ್ಡ ಊರಿನ ಕೋಚಿಂಗಿಗೆ ಹೋಗುವ ಶಕ್ತಿ ಇಲ್ಲದ, ಆದರೆ ಡಾಕ್ಟರ್ ಆಗಲೇಬೇಕೆಂಬ ಹಟ ಇದ್ದ ಮಕ್ಕಳು ಮೂಡಲಗಿ, ಹುಕ್ಕೇರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಚೀಲದಲ್ಲಿ ಪುಸ್ತಕ, ಅದರ ಮೇಲೆ ರೊಟ್ಟಿಯ ಗಂಟು.

ನಮಗೆ ಸ್ವಂತ ಕಟ್ಟಡ ಎಲ್ಲಿಂದ ಬರಬೇಕು? ಪರಿಚಯದವರೊಬ್ಬರು ತಮ್ಮ ಕಲ್ಯಾಣ ಮಂಟಪದ ಊಟದ ಹಾಲ್ ಬಿಟ್ಟುಕೊಟ್ಟರು. ಈಗಲೂ ಎಲ್ಲಾದರೂ ಒಗ್ಗರಣೆಯ ವಾಸನೆ ಬಂದರೆ ನನಗೆ ಜೀವಕೋಶದ ಪಾಠ ನೆನಪಾಗುತ್ತದೆ.

೧. ಯಾರ ಕಡೆಯವರು?

ಮದುವೆ ಇದ್ದ ದಿನ ಕ್ಲಾಸಿಗೆ ಸೂಟಿ ಎಂಬುದು ಒಪ್ಪಂದ. ಒಮ್ಮೆ ಮಂಟಪದ ಮ್ಯಾನೇಜರ್ ಕಾಕಾ ಅದನ್ನು ತಿಳಿಸಲು ಮರೆತರು. ನಾನು ದ್ಯುತಿಸಂಶ್ಲೇಷಣೆ ಹೇಳುತ್ತ, ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು ತಿರುಗಿ ನೋಡಿದರೆ ಹುಡುಗರ ಮುಂದೆ ಖರೇ ಎಲೆಗಳೇ ಬಿದ್ದಿದ್ದವು! ಅಡುಗೆಯವರು ಬಾಳೆ ಎಲೆ ಹಾಕಿಕೊಂಡು ಹೊರಟಿದ್ದರು. ಹಿಂದಿನಿಂದಲೇ ಪಟಗಾ ಸುತ್ತಿದ ಹಿರಿಯರೊಬ್ಬರು ಬಂದರು.

“ನೀವು ಹೆಣ್ಣಿನ ಕಡ್ಯಾವ್ರೋ, ಗಂಡಿನ ಕಡ್ಯಾವ್ರೋ?”

ಹುಕ್ಕೇರಿಯ ಹುಡುಗನೊಬ್ಬ ಎದ್ದು ನಿಂತು ಪ್ರಾಮಾಣಿಕವಾಗಿ ಹೇಳಿದ: “ನಾವು ನೀಟಿನ ಕಡ್ಯಾವ್ರು ರೀ.”

“ಹೌದಾ? ಆ ಊರ ನಾ ನೋಡಿಲ್ಲ ಬಿಡು. ದೂರಿಂದ ಬಂದೀರಿ, ಕುಂದರ್ರಿ,” ಎಂದವರೇ ಅವರು ಬಡಿಸುವವರ ಕಡೆ ತಿರುಗಿದರು: “ಏ, ದೂರದ ಬೀಗರು ಬಂದಾರ, ಇವರಿಗೆ ಮದ್ಲ ಹೋಳಿಗಿ ಹಾಕ್ರೋ!”

ಅಂದಿನಿಂದ ಹುಡುಗರು ಟೈಮ್‌ಟೇಬಲ್ ಕೇಳುವುದನ್ನೇ ಬಿಟ್ಟರು. “ಸರ್, ಮುಂದಿನ ಮುಹೂರ್ತ ಯಾವಾಗ್ರಿ?” ಎನ್ನುತ್ತಿದ್ದರು.

೨. ಏನ ಅವಸರ?

ಸಂತಾನೋತ್ಪತ್ತಿಯ ಪಾಠ ಬಂತು. ಪರೀಕ್ಷೆಯಲ್ಲಿ ಪ್ರಶ್ನೆ ಬರುವ ಪಾಠ, ಬಿಡುವಂತಿಲ್ಲ. ಹುಡುಗರು ಕಾಲಬೆರಳು ನೋಡುತ್ತಿದ್ದರು, ಹುಡುಗಿಯರು ಪುಸ್ತಕದೊಳಗೆ ಮುಖ ಹಾಕಿದ್ದರು, ನಾನು ಬೋರ್ಡಿನ ಜೊತೆ ಮಾತಾಡುತ್ತಿದ್ದೆ. ಒಬ್ಬ ಮ್ಯಾನೇಜರ್ ಕಾಕಾ ಮಾತ್ರ ಬಾಗಿಲಿಗೆ ಆತು ನಿಂತು ಕೊನೆಯ ತನಕ ಕಣ್ಣು ಮಿಟುಕಿಸದೆ ಕೇಳಿದರು. ಮುಗಿದ ಮೇಲೆ ನನ್ನನ್ನು ಬಾಜೂಕ್ಕೆ ಕರೆದರು.

“ಪಾಠ ಭಾಳ ಛಲೋ ಆತ್ರಿ ಸರ್. ಆದ್ರ ಇದನ್ನ ನಿನ್ನಿ ಇಲ್ಲಿ ಅಕ್ಕಿಕಾಳ ಬಿದ್ದ ಮದುಮಕ್ಕಳಿಗೆ ಹೇಳಬೇಕಿತ್ತು. ಈ ಹುಡುಗರಿಗೆ ಏನ ಅವಸರ?”

೩. ಸಣ್ಣ ಜಡ್ಡು

ತುಕ್ಕಾನಟ್ಟಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಕುರಿ ಕಾಯುವ ಮನೆತನ. ತಂದೆ ವರ್ಷದ ಅರ್ಧ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಹುಡುಗಿಯನ್ನು ಬೆಳೆಸಿದ್ದು ಅಜ್ಜಿ. ಊರೆಲ್ಲ ಆ ಅಜ್ಜಿಗೆ ‘ಆಯಿ’ ಎನ್ನುತ್ತಿತ್ತು. ಮೊಮ್ಮಗಳು ಕ್ಲಾಸು ಸೇರಿದ ವಾರವೇ ಆಯಿ ಓಣಿಯಲ್ಲಿ ‘ನಮ್ಮ ಡಾಕ್ಟರ್’ ಎಂದು ಸಾರಿಬಿಟ್ಟಿದ್ದಳು. ಹುಡುಗಿ ಸಂಜೆ ಮನೆಗೆ ಹೋದರೆ ಕಟ್ಟೆಯ ಮೇಲೆ ಜನ ನಾಲಿಗೆ ಚಾಚಿಕೊಂಡು ಕೂತಿರುತ್ತಿದ್ದರಂತೆ.

“ಆಯಿ, ನಾ ಇನ್ನೂ ಪರೀಕ್ಷಾನ ಬರದಿಲ್ಲ,” ಎಂದು ಹುಡುಗಿ ಅಳುಮೋರೆ ಮಾಡಿದಳು.

“ಅದಕ್ಕ ನೆಗಡಿ ಬಂದವರನ್ನಷ್ಟ ಕರದೇನಿ. ದೊಡ್ಡ ಜಡ್ಡಿನವರಿಗೆ ಮುಂದಿನ ವರ್ಷ ಬರ್ರಿ ಅಂದೇನಿ,” ಎಂದಳು ಆಯಿ.

೪. ಎಮ್ಮೆಯ ಹಿಂದೆ

ಹುಕ್ಕೇರಿಯ ಆ ಹುಡುಗನ ತಂದೆ ಹಾಲು ಮಾರುವವರು. ನೀಟಿನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ. ತಪ್ಪಾದರೆ ಇದ್ದದ್ದರಲ್ಲೂ ಒಂದು ಕಸಿಯುತ್ತಾರೆ. ಹುಡುಗನಿಗೆ ಯಾವ ಪ್ರಶ್ನೆಯನ್ನೂ ಬಿಟ್ಟು ಬರುವ ಮನಸ್ಸಿಲ್ಲ. ಮೊದಲ ಅಭ್ಯಾಸ ಪರೀಕ್ಷೆಯ ಭೌತಶಾಸ್ತ್ರದಲ್ಲಿ ಎಲ್ಲದಕ್ಕೂ ಧೈರ್ಯದಿಂದ ಗುರುತು ಹಾಕಿದ. ಅಂದು ತಂದೆ ಕ್ಲಾಸಿಗೇ ಬಂದಿದ್ದರು.

“ಎಷ್ಟ ಬಿದ್ದಾವೋ?”

“ಮೈನಸ್ ಐದು.”

“ಹಂಗಂದ್ರ?”

“ಸೊನ್ನೀಕಿಂತ ಕೆಳಗ, ಅಪ್ಪಾ.”

ಅವರು ನನ್ನ ಕಡೆ ತಿರುಗಿ ಕೇಳಿದರು: “ಸರ್, ಪರೀಕ್ಷಾ ಬರೀಲಾರದವರಿಗೆ ಎಷ್ಟ ಕೊಡ್ತೀರಿ?”

“ಬರೆಯದಿದ್ದರೆ ಸೊನ್ನೆ.”

“ಅಂದ್ರ ನಮ್ಮ ಎಮ್ಮಿ ಇವಂಗಿಂತ ಮುಂದ ಐತಿ ಅಂತಾತು!”

ಹುಡುಗ ಅವಮಾನವಾಗಿ ಹಟಕ್ಕೆ ಬಿದ್ದು ಓದಿದ. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲ, ಪಶುವೈದ್ಯ ಕಾಲೇಜಿನಲ್ಲಿ ಸಿಕ್ಕಿತು. ಪೇಢೆ ತಂದ ತಂದೆಯ ಕಣ್ಣು ತುಂಬಿದ್ದವು, ಆದರೆ ಬಾಯಿ ಸುಮ್ಮನಿರಬೇಕಲ್ಲ: “ಎಷ್ಟ ಓದಿದ್ರೂ ಎಮ್ಮೀನ್ನ ಹಿಂದ ಹಾಕಾಕ ಆಗಲಿಲ್ಲ ನೋಡ್ರಿ. ಅದರ ಹಿಂದನ ಉಳದ.”

೫. ರಕ್ತದಾಗಿನ ಕಬ್ಬಿಣ

ತುಕ್ಕಾನಟ್ಟಿಯ ಹುಡುಗಿಗೆ ಮೊದಲ ವರ್ಷ ಸ್ವಲ್ಪದರಲ್ಲೇ ತಪ್ಪಿತು. ಎರಡನೆಯ ಸಲವೂ ಬರದಿದ್ದರೆ ಮದುವೆ ಎಂದು ಮನೆಯಲ್ಲಿ ಗಂಡಸರು ಮಾತಾಡಿ ಮುಗಿಸಿದ್ದರು. ಆಯಿ ಮಾತ್ರ, “ಆಕಿ ಓದ್ಲಿ, ಗಂಡ ಎಲ್ಲಿ ಓಡಿ ಹೋಗ್ತಾನ?” ಎಂದು ಪರೀಕ್ಷೆಯ ದಿನ ತಾನೇ ಬೆಳಗಾವಿಗೆ ಬಂದಳು. ನಾನೂ ಹೋಗಿದ್ದೆ. ಗೇಟಿನಲ್ಲಿ ಹುಡುಗಿಯ ಓಲೆ, ಮೂಗುಬಟ್ಟು, ಕ್ಲಿಪ್ಪು ಎಲ್ಲ ತೆಗೆಸಿದರು. ಆದರೂ ತಪಾಸಣೆಯ ಮಷೀನು ಕುಂಯ್ ಎಂದಿತು. ಹುಡುಗಿಯ ಮುಖ ಬಿಳಿಚಿತು. ಗೇಟು ಹಾಕುವ ಹೊತ್ತಾಗಿತ್ತು.

“ಅದ್ಯಾಕ ಒದರತೈತಿ?” ಆಯಿ ತಡೆಗಂಬಿಯ ಆಚೆಯಿಂದ ಕೇಳಿದಳು.

“ಮೈಮ್ಯಾಲ ಕಬ್ಬಿಣ ಗಿಬ್ಬಿಣ ಇದ್ರ ಒದರತೈತಿ, ಅಜ್ಜಿ,” ಎಂದಳು ತಪಾಸಣೆ ಮಾಡುವಾಕೆ.

“ಮೊನ್ನಿ ದವಾಖಾನ್ಯಾಗ ಈಕಿ ರಕ್ತದಾಗ ಕಬ್ಬಿಣ ಇಲ್ಲ ಅಂತ ಗುಳಗಿ ಕೊಟ್ಟಾರ. ನಿಮ್ಮ ಮಷೀನಿಗೆ ಸಿಕ್ಕಿದ್ರ ಅಷ್ಟ ಬರ್ದ ಕೊಡವಾ, ಗುಳಗಿ ಬಿಡಸ್ತೇನಿ!”

ತಪಾಸಣೆಯವಳಿಗೆ ನಗು ತಡೆಯಲಿಲ್ಲ. ನಗುತ್ತಲೇ ಮತ್ತೊಮ್ಮೆ ನೋಡಿದಾಗ ಲಂಗದ ಅಂಚಿನಲ್ಲಿ ಒಂದು ಪಿನ್ನು ಸಿಕ್ಕಿತು. ಅದನ್ನು ತೆಗೆದು ಹುಡುಗಿಯನ್ನು ಒಳಗೆ ಕಳಿಸಿದರು. ಆಯಿಗೆ ಅಸಮಾಧಾನ: “ಬರೇ ಪಿನ್ನ ಏನ? ಹಂಗಾರ ಗುಳಗಿ ನುಂಗಬೇಕಾತು.”

೬. ಮೈಕಿನ ಮುಂದೆ

ಆ ಸಲ ಸರ್ಕಾರಿ ಮೆಡಿಕಲ್ ಸೀಟು ಸಿಕ್ಕಿತು. ಹುಡುಗಿ ಮೊದಲ ವರ್ಷ ಮುಗಿಸಿ ಊರಿಗೆ ಬಂದಾಗ ತುಕ್ಕಾನಟ್ಟಿಯವರು ಸತ್ಕಾರ ಇಟ್ಟುಕೊಂಡರು. ನನ್ನನ್ನೂ ಕರೆದು ಕಂಬಳಿ ಹೊದಿಸಿದರು. ಬಿರುಬಿಸಿಲಿನಲ್ಲಿ ಹೊದ್ದ ಆ ಕಂಬಳಿಯ ಬಿಸಿ ಈಗ ನೆನೆದರೂ ಹಿತವಾಗುತ್ತದೆ.

ಎಲ್ಲರ ಭಾಷಣ ಮುಗಿದ ಮೇಲೆ ಆಯಿಯ ಕೈಗೆ ಮೈಕು ಕೊಟ್ಟರು. ಆಕೆ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು.

“ಎಷ್ಟ ದೊಡ್ಡ ಡಾಕ್ಟರ್ ಇದ್ರೂ ಕೈಯಾಗ ಒಬ್ರರ ಇಬ್ರರ ಸತ್ತಿರ್ತಾರ. ನಮ್ಮ ಹುಡುಗಿ ವರ್ಷಪೂರ್ತಿ ದಿನಾ ಮಂದೀನ್ನ ಕೊಯ್ದಾಳ. ಆಕಿ ಕೈಯಾಗ ಇಲ್ಲೀಮಟ ಒಬ್ರೂ ಸತ್ತಿಲ್ಲ!”

ಚಪ್ಪಾಳೆಯೋ ಚಪ್ಪಾಳೆ. ಹುಡುಗಿ ನಾಚಿ ಕೆಂಪಾಗಿ ಆಯಿಯ ಸೆರಗು ಜಗ್ಗಿದಳು. “ಆಯಿ, ಮೊದಲನೇ ವರ್ಷ ನಮಗ ಕೊಯ್ಯಾಕ ಕೊಡೂದ ಹೆಣ! ಅವರು ಮದ್ಲ ಸತ್ತಿರ್ತಾರ!”

ಆಯಿ ಮೈಕನ್ನು ಅಂಗೈಯಿಂದ ಮುಚ್ಚಿ, ಬಾಜೂಕ್ಕಿದ್ದ ನನಗೂ ಕೇಳುವಂತೆ ಮೊಮ್ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು:

“ನನಗೂ ಗೊತ್ತೈತಿ ಸುಮ್ನಿರ. ಮುಂದ ಇದ ಮಂದಿ ನಿನ್ನ ದವಾಖಾನಿಗೆ ಬರಬೇಕು, ಅದನ್ನೆಲ್ಲಾ ಈಗ ಯಾಕ ಹೇಳೂದು?”